ಮನೆಗೊಂದು ಆಟ

ಮಗನೊಡನೆ ಚದುರಂಗವಾಡುವಾಗ ನಾನು ಆಗಾಗ ಬೇಕೆಂದೇ ಸೋಲುತ್ತಿದ್ದೆ. ಇದೊಂದು ಅಪರಾಧವೆಂದು ನನಗೆ ಎಂದೂ ತೋರಿರಲಿಲ್ಲ. ನನಗೆ ನಲವತ್ತಾರು, ಅವನಿಗೆ ಒಂಬತ್ತು. ಮಕ್ಕಳೊಡನೆ ಓಟದ ಪಂದ್ಯ ಹೂಡಿದ ತಂದೆ ಗುರಿ ಹತ್ತಿರ ಬಂದಾಗ ಏದುಸಿರು ನಟಿಸಿ ಹಿಂದೆ ಬೀಳುವುದು ಲೋಕರೂಢಿ. ಅದನ್ನು ಯಾವ ನೀತಿಶಾಸ್ತ್ರವೂ ಸುಳ್ಳಿನ ಲೆಕ್ಕಕ್ಕೆ ಹಿಡಿದಂತೆ ಕಾಣೆ. ಹಾಗೆ ನೋಡಿದರೆ ನನ್ನ ಸೋಲುಗಳಲ್ಲಿ ಒಂದು ಬಗೆಯ ಕಲೆಗಾರಿಕೆಯೂ ಇದೆಯೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಕಣ್ಣು ಕಿರಿದು ಮಾಡಿ ಮಣೆಯನ್ನೇ ದಿಟ್ಟಿಸುವುದು, ಗಲ್ಲ ಕೆರೆದುಕೊಳ್ಳುವುದು, ಕುದುರೆಯ ಮೇಲೆ ಕೈಯಿಟ್ಟು ಹಿಂದೆಗೆಯುವುದು, ಕೊನೆಗೆ ಆನೆಯನ್ನು ಅವನ ಒಂಟೆಯ ದಾರಿಯಲ್ಲಿ ತಂದು ನಿಲ್ಲಿಸುವುದು. ಕಾಲೇಜಿನ ವಾರ್ಷಿಕೋತ್ಸವದ ನಾಟಕಗಳಲ್ಲಿ ನನಗೆ ಸಿಕ್ಕದ ಯಶಸ್ಸು ಈ ಪಾತ್ರದಲ್ಲಿ ಸಿಗುತ್ತಿತ್ತು.

ಚದುರಂಗ ನಮ್ಮ ಮನೆಗೆ ಬಂದುದು ಗುಕೇಶನ ದೆಸೆಯಿಂದ. 2024ರ ಡಿಸೆಂಬರಿನಲ್ಲಿ ಚೆನ್ನೈನ ಆ ಹುಡುಗ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ನನನ್ನು ಸೋಲಿಸಿ, ಹದಿನೆಂಟನೆಯ ವಯಸ್ಸಿಗೇ ಜಗಜ್ಜೇತನಾದ. ಮರುವಾರದಲ್ಲಿ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಚದುರಂಗದ ಮಣೆಗಳು ಬಿಚ್ಚಿಕೊಂಡುವು. ಕ್ರಿಕೆಟ್ ಬ್ಯಾಟುಗಳು ಬಾಗಿಲ ಹಿಂದೆ ಸರಿದುವು. ನಾನೂ ಒಂದು ಮಣೆ ತಂದೆ. ಬಾಲ್ಯದಲ್ಲಿ ಊರ ಜಗಲಿಯ ಮೇಲೆ ದೊಡ್ಡಪ್ಪನಿಂದ ಕಲಿತ ನಡೆಗಳನ್ನು ಮಗನಿಗೆ ಹೇಳಿಕೊಟ್ಟೆ. ಮೊದಲ ದಿನವೇ ನಮಗೆ ಒಂದು ಭಾಷಾ ವಿವಾದ ಹತ್ತಿಕೊಂಡಿತು. ರಾಜನ ಪಕ್ಕದಲ್ಲಿ ನಿಲ್ಲುವ ಕಾಯಿಯನ್ನು ಅವನು ರಾಣಿ ಎಂದ. ನಾನು ಮಂತ್ರಿ ಎಂದೆ. ಕನ್ನಡ ಮೇಷ್ಟರ ಮನೆಯಲ್ಲಿ ಅದು ಮಂತ್ರಿಯೇ ಆಗಬೇಕೆಂದು ಪಟ್ಟು ಹಿಡಿದೆ. ಸ್ಕೂಲಿನಲ್ಲಿ ಎಲ್ಲರೂ ಕ್ವೀನ್ ಎನ್ನುತ್ತಾರೆ, ನನಗೋಸ್ಕರ ತಾನು ರಾಣಿಯವರೆಗೆ ಬಂದಿದ್ದೇನೆ, ಇನ್ನು ಒಂದು ಹೆಜ್ಜೆಯೂ ಮುಂದೆ ಬರಲಾರೆ ಎಂದು ಅವನು ಖಂಡಿತವಾಗಿ ಹೇಳಿಬಿಟ್ಟ.

ಮೊದಲ ಎರಡು ವಾರ ನಾನೇ ಗೆದ್ದೆ. ಪ್ರತಿ ಆಟದ ಕೊನೆಯಲ್ಲಿಯೂ ಅವನ ತಲೆ ಬಗ್ಗುತ್ತಿತ್ತು. ಕೆಳತುಟಿ ಸ್ವಲ್ಪ ಅದುರುತ್ತಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಮೂರನೆಯ ವಾರದಲ್ಲಿ ನನ್ನ ಆನೆ ಮೊದಲ ಬಾರಿಗೆ ದಾರಿ ತಪ್ಪಿತು. ಅವನು ಗೆದ್ದ. ಅಡುಗೆಮನೆಗೆ ಓಡಿದ, ಹಿತ್ತಲಿಗೆ ಓಡಿದ, ಎದುರುಮನೆಯ ಗೇಟಿನವರೆಗೆ ಹೋಗಿ ಕೂಗಿ ಬಂದ. ಅಂದಿನಿಂದ ಮೂರು ಆಟಕ್ಕೊಮ್ಮೆ ನಾನು ಸೋಲುವುದು ಎಂದು ನನ್ನ ಮನಸ್ಸಿನಲ್ಲೇ ಒಂದು ಕಾಲಪಟ್ಟಿ ಹಾಕಿಕೊಂಡೆ. ಅವನು ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಬರೆದು, ಎದುರಿಗೆ 'ಗೆದ್ದೆ' ಎಂದು ಬರೆಯತೊಡಗಿದ. ಸಂಕ್ರಾಂತಿಯ ಹೊತ್ತಿಗೆ ಅಂಥ ಏಳು ಸಾಲುಗಳಾಗಿದ್ದುವು.

ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಾಳೆ. ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಸೋಫಾದ ಮೂಲೆಯಲ್ಲಿ ಮುದುರಿ ಕುಳಿತಿರುತ್ತಾಳೆ. ಏನನ್ನೂ ನೋಡುವುದಿಲ್ಲವೆಂದು ನಾವು ತಿಳಿದಿರುತ್ತೇವೆ. ಸಂಕ್ರಾಂತಿಯ ಮಾರನೆಯ ಸಂಜೆ ನಾನು ಎಂಟನೆಯ ಸೋಲಿಗೆ ಸಿದ್ಧತೆ ನಡೆಸಿದ್ದಾಗ ಆಕೆ ಪುಟ ತಿರುವುತ್ತ, ತಲೆಯೆತ್ತದೆ, "ಅಪ್ಪ ಮತ್ತೆ ಆನೆ ಬಿಟ್ಟ" ಎಂದಳು.

ಮಗ ಮಣೆಯನ್ನು ನೋಡಿದ. ನನ್ನನ್ನು ನೋಡಿದ. ಸುಮಾರು ಹೊತ್ತು ಬಿಟ್ಟು, "ಎಷ್ಟು ಸಲ?" ಎಂದು ಕೇಳಿದ.

ನಾನು ನಕ್ಕೆ. ಅದು ತಪ್ಪಾಯಿತು. ಅವನು ಗಣಿತದ ನೋಟುಬುಕ್ಕನ್ನು ತಂದು ಕೊನೆಯ ಹಾಳೆ ತೆರೆದು ನನ್ನ ಮುಂದೆ ಹಿಡಿದ. "ಇದರಲ್ಲಿ ನಿಜವಾದದ್ದು ಯಾವುದು, ಹೇಳು." ಏಳು ತಾರೀಖುಗಳು. ಅವುಗಳಲ್ಲಿ ಒಂದೆರಡನ್ನಾದರೂ ಅವನು ನಿಜವಾಗಿ ಗೆದ್ದಿದ್ದನೇ ಏನೋ. ಸೋಲುವ ಉತ್ಸಾಹದಲ್ಲಿ ನಾನು ನಿಜವಾಗಿ ಎಡವಿದ್ದೂ ಉಂಟು. ಆದರೆ ಯಾವುದೆಂದು ನನಗೆ ಹೇಳಲಾಗಲಿಲ್ಲ. ಅವನು ರಬ್ಬರು ತೆಗೆದುಕೊಂಡು ಏಳನ್ನೂ ಒಂದೊಂದಾಗಿ ಅಳಿಸಿದ. ಹಾಳೆ ಎರಡು ಕಡೆ ಹರಿಯಿತು. ಆಮೇಲೆ ಕಾಯಿಗಳನ್ನು ಡಬ್ಬಿಗೆ ತುಂಬಿ ಮುಚ್ಚಿ, ಬೀರುವಿನ ಮೇಲೆ ಇಟ್ಟು ಬಂದ. ಅವನಿಗೆ ಬೀರುವಿನ ಮೇಲ್ತುದಿ ಎಟುಕುವುದಿಲ್ಲ. ಅದಕ್ಕಾಗಿ ಕುರ್ಚಿ ಎಳೆದುಕೊಂಡು ಹತ್ತಿದ. ಅಷ್ಟು ಶ್ರಮಪಟ್ಟು ಇಟ್ಟುದನ್ನು ಇಳಿಸು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬೇರೊಂದು ಆಟ ಬೇಕು ಎಂಬ ಅನ್ವೇಷಣೆ ಆರಂಭವಾದುದು ಹೀಗೆ. ಮೊಬೈಲು ಬಿಡಿಸಬೇಕು, ಬುದ್ಧಿ ಚುರುಕಾಗಬೇಕು ಎಂಬ ಉದಾತ್ತ ಧ್ಯೇಯಗಳಿಂದ ಆಟದ ಅಂಗಡಿಗೆ ಹೋಗುವ ತಂದೆತಾಯಿಗಳಿದ್ದಾರೆ. ನಾನು ಹೋದುದು ತಪ್ಪಿತಸ್ಥನಾಗಿ. ನನಗೆ ಬೇಕಾಗಿದ್ದುದು ಒಂದೇ: ನಾನು ಮನಸ್ಸಿಟ್ಟು ಆಡಿದರೂ ಮಗ ಗೆಲ್ಲಲು ಸಾಧ್ಯವಿರುವ ಆಟ.

ಮನೆಯಲ್ಲಿ ಹಳೆಯ ಆಟಗಳು ಇರಲಿಲ್ಲವೆಂದಲ್ಲ. ಹಾವು ಏಣಿ ಇತ್ತು. ಪರಮಪದ ಸೋಪಾನವೆಂದು ನಮ್ಮ ಅಜ್ಜಿಯರು ವೈಕುಂಠ ಏಕಾದಶಿಯ ಜಾಗರಣೆಗೆ ಬಿಡಿಸಿ ಕೂರುತ್ತಿದ್ದುದರ ಮೊಮ್ಮಗು ಅದು. ಅದರಲ್ಲಿ ಪಂಡಿತನಿಗೂ ಮೂರು ವರ್ಷದ ಕೂಸಿಗೂ ಭೇದವಿಲ್ಲ. ಏಕೆಂದರೆ ಇಬ್ಬರಿಗೂ ಮಾಡಲು ಏನೂ ಇಲ್ಲ. ದಾಳ ಬಿದ್ದಷ್ಟು ನಡೆಯಬೇಕು, ಹಾವು ನುಂಗಿದರೆ ಇಳಿಯಬೇಕು. ಪಾಪಪುಣ್ಯಗಳ ಪಾಠಕ್ಕೆ ಅದು ಸರಿ. ಆದರೆ ಒಂಬತ್ತು ವರ್ಷದ ಹುಡುಗ, 'ಇದರಲ್ಲಿ ನಾನು ಗೆದ್ದರೆ ನಾನೇ ಗೆದ್ದ ಹಾಗಾ?' ಎಂದು ಕೇಳಿದರೆ ಹೇಳಲು ಉತ್ತರವಿಲ್ಲ. ಚದುರಂಗ ಇದರ ಇನ್ನೊಂದು ತುದಿ. ಅಲ್ಲಿ ಅದೃಷ್ಟಕ್ಕೆ ಪ್ರವೇಶವೇ ಇಲ್ಲ. ಸೋತವನಿಗೆ ದೂರಲು ದಾಳವೂ ಇಲ್ಲ, ಕವಡೆಯೂ ಇಲ್ಲ. ನಾನು ಹುಡುಕಬೇಕಾದುದು ಇವೆರಡರ ನಡುವೆ ಎಲ್ಲೋ ಇದೆ ಎಂಬಷ್ಟು ನನಗೆ ಹೊಳೆಯಿತು.

ಊರುಗಳನ್ನು ಕೊಂಡು ಬಾಡಿಗೆ ವಸೂಲು ಮಾಡುವ ಬಿಸಿನೆಸ್ ಆಟವೂ ಅಟ್ಟದ ಮೇಲಿತ್ತು. ಅದನ್ನು ಅಟ್ಟಕ್ಕೆ ಹಾಕಿದ್ದಕ್ಕೂ ಕಾರಣವಿದೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಸಂಜೆ ಏಳಕ್ಕೆ ನನ್ನ ಮಗಳು ದಿವಾಳಿಯಾದಳು. ಆಟ ಮುಗಿದುದು ಒಂಬತ್ತೂವರೆಗೆ. ಆ ಎರಡೂವರೆ ಗಂಟೆ ಆಕೆ ಉಳಿದವರ ನೋಟು ಎಣಿಸುವುದನ್ನು ನೋಡುತ್ತ ಕುಳಿತಿದ್ದಳು. ನಡುವೆ ಎದ್ದು ಹೋಗಲು 'ಆಟದಲ್ಲಿ ಸಿಟ್ಟು ಮಾಡಬಾರದು' ಎಂಬ ನನ್ನ ಉಪದೇಶ ಅಡ್ಡವಾಗಿತ್ತು. ನನ್ನಾಕೆ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದಾಳೆ. "ಹಗಲೆಲ್ಲ ಅಲ್ಲಿ ವಸೂಲಿ, ರಾತ್ರಿ ಇಲ್ಲಿ ವಸೂಲಿ, ನನಗಾಗುವುದಿಲ್ಲ ರೀ" ಎಂದು ಆಟವನ್ನು ಕಟ್ಟಿ ಮೇಲಿಟ್ಟಳು. ಈ ಆಟದ ಹುಟ್ಟು ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಲಿಜ್ಜೀ ಮ್ಯಾಗಿ ಎಂಬಾಕೆ ಜಮೀನ್ದಾರಿ ಹೇಗೆ ಜನರನ್ನು ಹಿಂಡುತ್ತದೆಂದು ತೋರಿಸಲೆಂದೇ ಇಂಥದೊಂದು ಆಟವನ್ನು ರಚಿಸಿ 1904ರಲ್ಲಿ ಅದಕ್ಕೆ ಪೇಟೆಂಟು ಪಡೆದಳು. 1935ರಲ್ಲಿ ಅದರದೇ ಒಂದು ರೂಪ ಮೊನಾಪಲಿ ಎಂಬ ಹೆಸರಿನಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಯ ಕೈಯಲ್ಲಿ ಮನೆಮನೆಗೆ ಹೋಯಿತು. ಹಿಂಡುವುದು ತಪ್ಪೆಂದು ತೋರಿಸಬೇಕಾಗಿದ್ದ ಆಟದಲ್ಲಿ ಜನ ಹಿಂಡುವುದರ ಸುಖವನ್ನು ಕಂಡುಕೊಂಡರು. ಬರೆದವರ ಉದ್ದೇಶ ಒಂದು, ಓದುಗರು ತೆಗೆದುಕೊಂಡುದು ಇನ್ನೊಂದು. ಸಾಹಿತ್ಯ ವಿಮರ್ಶೆಯಲ್ಲಿ ನಾವು ದಿನವೂ ಕಾಣುವ ಸಂಗತಿಯೇ.

ಕುಮಾರವ್ಯಾಸನ ಸಭಾಪರ್ವವನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಧರ್ಮರಾಯ ಪಗಡೆಯ ಹಾಸಿನಿಂದ ಏಕೆ ಏಳಲಿಲ್ಲ ಎಂದು ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಾನೆ. ವ್ಯಸನ, ವಿಧಿ, ಕ್ಷತ್ರಿಯ ಧರ್ಮ ಎಂದು ನಾನು ಮೂರು ಕಾರಣ ಹೇಳುತ್ತಿದ್ದೆ. ಮಗಳ ದಿವಾಳಿಯನ್ನು ಕಂಡ ಮೇಲೆ ನಾಲ್ಕನೆಯದೊಂದನ್ನು ಸೇರಿಸಿದ್ದೇನೆ: ಸೋಲುತ್ತಿರುವವನು ಮರ್ಯಾದೆಯಿಂದ ಏಳಲು ಆ ಆಟದಲ್ಲಿ ಜಾಗವೇ ಇರಲಿಲ್ಲ.

ಅಂಗಡಿಯ ಅನುಭವವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು; ಪ್ರತಿಯೊಂದರ ಮೇಲೂ ಕೋಟೆ, ಹಡಗು, ಗಡ್ಡದ ವೀರ. ಅಂಗಡಿಯ ಹುಡುಗ ಯಾವುದನ್ನು ಮುಟ್ಟಿದರೂ "ಬ್ರೈನ್ ಡೆವಲಪ್ ಆಗುತ್ತೆ ಸಾರ್" ಎಂದ. ಬೆಲೆ ನೋಡಿದರೆ ಕೊಳ್ಳುವವನ ಮೆದುಳು ಮೊದಲೇ ಬೆಳೆದಿರಬೇಕೆಂದು ತೋರಿತು. ಒಂದೊಂದಕ್ಕೆ ಎರಡು ಮೂರು ಸಾವಿರ ರೂಪಾಯಿ. ಪೆಟ್ಟಿಗೆಯ ಬೆನ್ನಿನ ಮೇಲೆ ಎಷ್ಟು ಜನ, ಎಷ್ಟು ವಯಸ್ಸು, ಎಷ್ಟು ನಿಮಿಷ ಎಂದು ಮೂರು ಅಂಕಿಗಳಿರುತ್ತವೆ. ಎಷ್ಟು ಜನ ಎಂಬುದನ್ನು ಶಾಸನವೆಂದು ತಿಳಿಯಿರಿ. ನಾಲ್ವರ ಆಟಕ್ಕೆ ಐವರು ಕುಳಿತರೆ ಐದನೆಯವರಿಗೆ ಕಾಯಿಯೇ ಇರುವುದಿಲ್ಲ. ವಯಸ್ಸು ಸುಮಾರಿನ ಮಾತು. ನಿಮಿಷವಂತೂ ಶುದ್ಧ ಕಾವ್ಯ. ಅರವತ್ತು ಎಂದು ಬರೆದಿದ್ದರೆ, ನಿಯಮ ಓದಿ ಹೇಳಲು ನಲವತ್ತು, ಜಗಳ ಬಗೆಹರಿಸಲು ಮೂವತ್ತು, ಸೋಫಾದ ಕೆಳಗೆ ಹೋದ ದಾಳ ಹುಡುಕಲು ಹತ್ತು ಕೂಡಿಸಿಕೊಳ್ಳಬೇಕು. ಬರಿಗೈಯಲ್ಲಿ ಹಿಂದಿರುಗಿದೆ.

ಆಗ ಕೈಹಿಡಿದವರು ನಮ್ಮ ಕಾಲೇಜಿನ ಗಣಿತ ವಿಭಾಗದ ಮಿತ್ರರು. ಅವರ ಮನೆಯ ಷೋಕೇಸಿನಲ್ಲಿ ಗಾಜಿನ ಗೊಂಬೆಗಳ ಬದಲು ಇಂಥ ಪೆಟ್ಟಿಗೆಗಳೇ ಇವೆ. "ಕೊಳ್ಳಬೇಡಿ ಸಾರ್, ಒಂದೊಂದಾಗಿ ತಗೊಂಡು ಹೋಗಿ ಆಡಿ ನೋಡಿ. ಪುಸ್ತಕ ಎರವಲು ತಗೊಂಡ ಹಾಗೆ" ಎಂದರು. ಪುಸ್ತಕವನ್ನು ಎರವಲು ಪಡೆದು ಹಿಂದಿರುಗಿಸದ ಇತಿಹಾಸ ನನಗಿದೆ; ಅದು ಅವರಿಗೆ ತಿಳಿಯದು. ಬಂದ ಬೇಸಗೆ ರಜೆಯಲ್ಲಿ ನಾಲ್ಕು ಪೆಟ್ಟಿಗೆಗಳು ನಮ್ಮ ಮನೆಗೆ ಬಂದು ಹೋದುವು. ಮಗ ಮೊದಮೊದಲು ದೂರ ನಿಂತೇ ನೋಡುತ್ತಿದ್ದ.

ಮೊದಲು ಬಂದುದು ಕಾರ್ಕಸಾನ್. ದಕ್ಷಿಣ ಫ್ರಾನ್ಸಿನಲ್ಲಿ ಆ ಹೆಸರಿನ ಹಳೆಯ ಕೋಟೆಯೂರು ಇದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಲಾಸ್ ಯೂರ್ಗೆನ್ ವ್ರೇಡೆ ಎಂಬ ಜರ್ಮನರು ರಚಿಸಿದ ಈ ಆಟ 2000ದಲ್ಲಿ ಹೊರಬಂದಿತು. ಎಪ್ಪತ್ತೆರಡು ಚೌಕದ ಬಿಲ್ಲೆಗಳು. ಸರದಿ ಬಂದಾಗ ಒಂದನ್ನು ಎತ್ತಿ, ದಾರಿಗೆ ದಾರಿ, ಕೋಟೆಗೆ ಕೋಟೆ ಹೊಂದುವಂತೆ ಇಡಬೇಕು. ಬೇಕಾದರೆ ಅದರ ಮೇಲೆ ತನ್ನ ಆಳೊಂದನ್ನು ನಿಲ್ಲಿಸಬಹುದು. ಅಷ್ಟೆ. ಯಾವ ಬಿಲ್ಲೆ ಕೈಗೆ ಬರುವುದೆಂಬುದು ಅದೃಷ್ಟ; ಎಲ್ಲಿಡುವುದೆಂಬುದು ಬುದ್ಧಿ. ಶಾಲೆಯ ಮಕ್ಕಳಿರುವ ಮನೆಗೆ ಮೊದಲ ಪೆಟ್ಟಿಗೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹೊಲಗಳಿಗೆ ಅಂಕ ಕೊಡುವ ನಿಯಮವೊಂದಿದೆ, ಅದನ್ನು ಮೊದಲ ನಾಲ್ಕಾರು ಆಟ ಬಿಟ್ಟುಬಿಡಿ. ಐವರೂ ಆಡಬಹುದು. ಯಾರೂ ಆಟದಿಂದ ಹೊರಬೀಳುವುದಿಲ್ಲ. ಸೋತವರ ಕೋಟೆಯೂ ಕೊನೆಯವರೆಗೆ ಚಾಪೆಯ ಮೇಲೆ ನಿಂತೇ ಇರುತ್ತದೆ. ನನ್ನ ಮಗಳಿಗೆ ಇದು ಬಹಳ ಹಿಡಿಸಿತು. ಮಗ ಮೂರನೆಯ ದಿನ ಹತ್ತಿರ ಬಂದು ಅಕ್ಕನಿಗೆ, "ಅದು ಅಲ್ಲಿ ಕೂಡುತ್ತೆ ನೋಡು" ಎಂದು ತೋರಿಸಿದ. ನನಗೆ ಏನನ್ನೂ ಹೇಳಲಿಲ್ಲ.

ರೈಲುದಾರಿ ಹಾಕುವ ಟಿಕೆಟ್ ಟು ರೈಡ್ ಎಂಬ ಆಟ ಮುಂದಿನದು. ಅಲನ್ ಮೂನ್ ಎಂಬವರು ಮಾಡಿ 2004ರಲ್ಲಿ ಪ್ರಕಟವಾದುದು. ಒಬ್ಬೊಬ್ಬರಿಗೂ ನಲವತ್ತೈದು ಪುಟ್ಟ ರೈಲುಡಬ್ಬಿಗಳು. ನೋಡಲು ಬಲು ಚೆಂದ. ಅಮೆರಿಕದ ಊರುಗಳ ಹೆಸರುಗಳನ್ನು ನಮ್ಮಮ್ಮನ ಬಾಯಲ್ಲಿ ಕೇಳುವುದು ಇನ್ನೂ ಚೆಂದ. ಆದರೆ ಅಕ್ಕ ತಮ್ಮನ ದಾರಿಗೆ ಅಡ್ಡವಾಗಿ ಎರಡೇ ಎರಡು ಡಬ್ಬಿ ಇಟ್ಟ ದಿನ ಊಟಕ್ಕೆ ಕರೆದರೂ ಒಬ್ಬನು ಬರಲಿಲ್ಲ. ಅದನ್ನು ಒಂದು ವರ್ಷದ ಮಟ್ಟಿಗೆ ಮುಂದೂಡಿದ್ದೇವೆ.

ಕಟಾನಿನ ಕಥೆಯನ್ನು ಮಾತ್ರ ವಿಸ್ತಾರವಾಗಿಯೇ ಹೇಳಬೇಕು. ಜರ್ಮನಿಯಲ್ಲಿ ಹಲ್ಲಿನ ಕಟ್ಟು ತಯಾರಿಸುವ ಕಸುಬಿನಲ್ಲಿದ್ದ ಕ್ಲಾಸ್ ಟಾಯ್ಬರ್ ಎಂಬವರು ಬಿಡುವಿನಲ್ಲಿ ಕೂತು ರಚಿಸಿದ ಆಟ, 1995ರಲ್ಲಿ ಬಂದಿತು. ಅವರು 2023ರಲ್ಲಿ ತೀರಿಕೊಂಡರು. ಹತ್ತೊಂಬತ್ತು ಆರುಮೂಲೆಯ ಬಿಲ್ಲೆಗಳನ್ನು ಜೋಡಿಸಿದರೆ ಒಂದು ದ್ವೀಪವಾಗುತ್ತದೆ. ದಾಳ ಬಿದ್ದ ಸಂಖ್ಯೆಗೆ ತಕ್ಕಂತೆ ಮರ, ಇಟ್ಟಿಗೆ, ಕುರಿ, ಗೋಧಿ, ಅದಿರು ದೊರೆಯುತ್ತವೆ. ಅವನ್ನು ಕೂಡಿಸಿ ದಾರಿ, ಮನೆ, ಊರು ಕಟ್ಟಬೇಕು. ತನ್ನಲ್ಲಿ ಇಲ್ಲದುದನ್ನು ಇತರರೊಡನೆ ಕೊಟ್ಟು ಕೊಂಡು ಪಡೆಯಬೇಕು. ಮೊದಲು ಹತ್ತು ಅಂಕ ಮುಟ್ಟಿದವರು ಗೆದ್ದರು. ನಾಲ್ವರ ಆಟವಾದ್ದರಿಂದ ನಮ್ಮಮ್ಮನೂ ಮಗನೂ ಒಂದು ಪಕ್ಷವಾದರು. ಅವನು ಬರುವುದಾದರೆ ಅಜ್ಜಿಯ ಪಕ್ಷಕ್ಕೇ ಬರುತ್ತೇನೆಂದಿದ್ದ.

ನಮ್ಮಮ್ಮನಿಗೆ ಎಪ್ಪತ್ತಾರು ವರ್ಷ. ಐವತ್ತು ವರ್ಷ ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ಕೊಂಡ ಅನುಭವ. ನಿಯಮಪುಸ್ತಕದ ಇಂಗ್ಲಿಷನ್ನು ನಾನು ಕಷ್ಟಪಟ್ಟು ಕನ್ನಡಿಸುತ್ತಿದ್ದಾಗ ಅರ್ಧದಲ್ಲೇ ತಡೆದು, "ಅಂದರೆ ಅದಲುಬದಲು ತಾನೇ? ಗೊತ್ತಾಯಿತು ಬಿಡೋ" ಎಂದರು. ಆಮೇಲೆ ನಡೆದುದನ್ನು ಏನೆಂದು ವರ್ಣಿಸಲಿ? ನನ್ನ ಕೈಯಲ್ಲಿ ಮೂರು ಇಟ್ಟಿಗೆಯಿದ್ದುವು. "ಎರಡು ಕುರಿ ಕೊಡ್ತೀನಿ, ಒಂದು ಇಟ್ಟಿಗೆ ಕೊಡೋ" ಎಂದರು. ಒಲ್ಲೆನೆಂದೆ. "ಇಟ್ಟುಕೊಂಡು ಏನು ಮಾಡ್ತೀಯ? ಏಳು ಬಿದ್ದರೆ ಅರ್ಧ ಹೋಗುತ್ತೆ ಅಂತ ನೀನೇ ಓದಿದೆ. ಕಳ್ಳನಿಗೆ ಕೊಡುವ ಬದಲು ಹೆತ್ತ ತಾಯಿಗೆ ಕೊಡು." ಏಳು ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆಯಿದ್ದವರು ಅರ್ಧ ಕಳೆದುಕೊಳ್ಳಬೇಕೆಂಬ ನಿಯಮವಿರುವುದು ನಿಜ, ನನ್ನಲ್ಲಿ ಒಂಬತ್ತು ಎಲೆ ಇದ್ದುದೂ ನಿಜ. ಕೊಟ್ಟೆ. ಸೊಸೆಯ ಹತ್ತಿರ ಹೋಗಿ ಅದೇ ಕುರಿಗಳ ಜೊತೆ ನಾಳೆಯ ಸಾರಿನ ಹೊಣೆಯನ್ನೂ ಸೇರಿಸಿ ಗೋಧಿ ತೆಗೆದುಕೊಂಡರು. ಇದು ನಿಯಮದಲ್ಲಿಲ್ಲವೆಂದು ಮಗಳು ಆಕ್ಷೇಪಿಸಿದಳು. ಬೇಡವೆಂದೂ ನಿಯಮದಲ್ಲಿಲ್ಲವೆಂದು ಮಗ ಉತ್ತರ ಕೊಟ್ಟ. ಅಜ್ಜಿಯ ಪಕ್ಷವೇ ಗೆದ್ದಿತು, ನಾನು ಕೊನೆಯವನಾದೆ. ಮನಸ್ಸಿಟ್ಟು ಆಡಿ ಕೊನೆಯವನಾದುದು ಎಂಬುದನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಮಗ ಇಡೀ ಆಟದಲ್ಲಿ ನನ್ನ ಮುಖವನ್ನೇ ಪರೀಕ್ಷಿಸುತ್ತಿದ್ದ. ಕೊನೆಯಲ್ಲಿ ಅಕ್ಕನನ್ನು ಪಕ್ಕಕ್ಕೆ ಕರೆದು, "ಅಪ್ಪ ಬೇಕಂತ ಸೋತನಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಇಲ್ಲ, ಅಪ್ಪನಿಗೆ ಇದು ಬರೋದಿಲ್ಲ" ಎಂದು ಅವಳು ಪ್ರಮಾಣಪತ್ರ ಕೊಟ್ಟಳು.

ನಾಲ್ಕನೆಯ ಪೆಟ್ಟಿಗೆ ಪ್ಯಾಂಡೆಮಿಕ್. ಮ್ಯಾಟ್ ಲೀಕಾಕ್ ಎಂಬವರ ಆಟ, 2008ರದು. ಇದರಲ್ಲಿ ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಎಲ್ಲರೂ ಕೂಡಿ ಭೂಪಟದ ಮೇಲೆ ಹರಡುವ ನಾಲ್ಕು ರೋಗಗಳಿಗೆ ಮದ್ದು ಕಂಡುಹಿಡಿಯಬೇಕು. ಗೆದ್ದರೆ ಎಲ್ಲರೂ ಗೆದ್ದರು, ಸೋತರೆ ಎಲ್ಲರೂ ಸೋತರು. ಭೂಪಟದಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ ಇವೆ, ಬೆಂಗಳೂರಿಲ್ಲ. ರೋಗ ಬರಲಿಕ್ಕಾದರೂ ನಮ್ಮ ರಾಜಧಾನಿಯನ್ನು ನೆನೆಯಬಾರದಾಗಿತ್ತೆ ಎಂದು ಒಂದು ಕ್ಷಣ ನೊಂದುಕೊಂಡು, 2020ರ ನೆನಪಾಗಿ ಸುಮ್ಮನಾದೆ. ನನ್ನ ಸಮಸ್ಯೆಗೆ ಇದೇ ಪರಿಹಾರವೆಂದು ಗಣಿತದ ಮಿತ್ರರು ಭರವಸೆ ಕೊಟ್ಟಿದ್ದರು. ತಂದೆ ಮಗ ಒಂದೇ ಪಕ್ಷ. ಸೋಲಿನ ಪ್ರಶ್ನೆಯೇ ಇಲ್ಲ.

ಆಟ ಅರ್ಧ ಗಂಟೆ ನಡೆದಿರಬಹುದು. ನನ್ನಾಕೆ ಎಲೆಗಳನ್ನು ಕೆಳಗಿಟ್ಟು, "ನಾವು ಯಾಕೆ ಕೂತಿದ್ದೇವೆ?" ಎಂದಳು. ಆಗ ನನಗೆ ಅರಿವಾಯಿತು. ಮೊದಲಿನಿಂದಲೂ ನೀನು ಕೈರೋಗೆ ಹೋಗು, ನೀನು ಆ ಎಲೆ ಅವಳಿಗೆ ಕೊಡು, ಅಲ್ಲಲ್ಲ, ಅದಲ್ಲ ಎಂದು ನಾನೇ ಮಾತನಾಡುತ್ತಿದ್ದೆ. ಉಳಿದ ಮೂವರು ನನ್ನ ಕೈಗಳಾಗಿದ್ದರು. ಪ್ರಪಂಚವನ್ನು ನಾನೊಬ್ಬನೇ ಉಳಿಸುತ್ತಿದ್ದೆ. ಅವರು ಹಾಜರಿ ಹಾಕಿ ಕುಳಿತಿದ್ದರು. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ನಾನು ದಿನವೂ ಕಾಣುವ ಮುಖಗಳೇ ನನ್ನ ಮನೆಯ ಚಾಪೆಯ ಮೇಲೆ ಕಂಡುವು. ಕೂಡಿ ಆಡುವ ಆಟಗಳು ಒಳ್ಳೆಯವೇ. ಆದರೆ ಆ ಮನೆಯಲ್ಲಿ ಮೇಷ್ಟರಿರಬಾರದು.

ಇವೆಲ್ಲ ಕಳೆದು, ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಂದು ಸಂಜೆ ಮಳೆ ಹೊಯ್ದು ಕರೆಂಟು ಹೋಯಿತು. ಪೆಟ್ಟಿಗೆಯ ಸಣ್ಣ ಅಕ್ಷರ ಮೇಣದಬತ್ತಿಯಲ್ಲಿ ಕಾಣಿಸದು. ನಮ್ಮಮ್ಮ ಸೀಮೆಸುಣ್ಣ ಕೇಳಿ ತೆಗೆದುಕೊಂಡು ನಡುಮನೆಯ ನೆಲದ ಮೇಲೆ ಗೆರೆ ಎಳೆಯತೊಡಗಿದರು. ಮೇಲೊಂದು ತುದಿ, ಅಲ್ಲಿಂದ ಇಳಿಬಿದ್ದ ಗೆರೆಗಳು, ಅವಕ್ಕೆ ಅಡ್ಡ ಗೆರೆಗಳು. ಹುಲಿ-ಕುರಿ ಆಟ. ಹಂಪೆಯ ಮಂಟಪಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಗೆರೆಗಳನ್ನು ಕೆತ್ತಿರುವುದನ್ನು ನೀವು ನೋಡಿರಬಹುದು. ಮೂರು ಹುಣಿಸೆಬೀಜ ಹುಲಿ, ಹದಿನೈದು ಕಡಲೆಕಾಳು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ತಿನ್ನಲಾರವು, ಒತ್ತಾಗಿ ನಿಂತು ಹುಲಿಗಳನ್ನು ಅಲ್ಲಾಡದಂತೆ ಕಟ್ಟಿಹಾಕಿದರೆ ಅವುಗಳ ಗೆಲುವು. ಎರಡು ಪಕ್ಷಕ್ಕೂ ಬಲ ಬೇರೆ, ಗುರಿ ಬೇರೆ. ಚದುರಂಗದಲ್ಲಿ ಇಬ್ಬರೂ ಸಮಾನರೆಂದು ಮಣೆ ಹೇಳುತ್ತದೆ, ಹಾಗಿಲ್ಲವೆಂದು ಆಡುವವರಿಗೆ ಗೊತ್ತು. ಇಲ್ಲಿ ಅಸಮಾನತೆ ನೆಲದ ಮೇಲೇ ಬರೆದಿದೆ.

ನಮ್ಮಮ್ಮ ಕುರಿ ಹಿಡಿದರು, ನಾನು ಹುಲಿ. ನಾಲ್ಕು ಆಟ ಆಡಿದೆವು. ನಾಲ್ಕರಲ್ಲಿಯೂ ನನ್ನ ಹುಲಿಗಳು ಮೂಲೆಯಲ್ಲಿ ನಿಂತು ಬಾಲ ಅಲ್ಲಾಡಿಸಲೂ ಜಾಗವಿಲ್ಲದಂತಾದುವು. ಸಂಕ್ರಾಂತಿಯ ನಂತರ ಮಗ ನನ್ನ ಎದುರಿಗೆ ಬಾಯಿತುಂಬ ನಕ್ಕುದು ಅಂದೇ ಮೊದಲು. ನಗು ನಿಂತ ಮೇಲೆ ಅವನು ಅಜ್ಜಿಯನ್ನು ಕೇಳಿದ:

"ಅಜ್ಜಿ, ಅಪ್ಪ ಚಿಕ್ಕವನಿದ್ದಾಗ ನೀನು ಅವನಿಗೆ ಬೇಕಂತ ಸೋಲ್ತಿದ್ಯಾ?"

"ಅಯ್ಯೋ, ನಾನು ಯಾಕೋ ಸೋಲಲಿ?" ಎಂದರು ನಮ್ಮಮ್ಮ. "ಅವನಿಗೆ ಹುಲಿ ಕೊಡ್ತಿದ್ದೆ. ನಾನು ಹನ್ನೆರಡೇ ಕುರಿ ಇಟ್ಟುಕೊಳ್ತಿದ್ದೆ. ಅವನೆದುರಿಗೇ ಎಣಿಸಿ ಮೂರು ತೆಗೆದು ಪಕ್ಕಕ್ಕೆ ಇಡ್ತಿದ್ದೆ. ಅವನು ಆಡೋದು ಕಲೀತಾ ಕಲೀತಾ ಒಂದೊಂದು ವಾಪಸು ತಗೊಂಡೆ."

ನನಗೆ ಅದು ಪೂರ್ತಿ ಮರೆತುಹೋಗಿತ್ತು. ಊರ ಮನೆಯ ಕೆಂಪು ಗಾರೆ ನೆಲ ನೆನಪಾಯಿತು, ಅಮ್ಮನ ಮೊಣಕಾಲ ಪಕ್ಕದಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ ಮೂರು ಕಾಳು ನೆನಪಾದುವು. ನಾನು ಅವುಗಳ ಕಡೆಗೆ ಆಗಾಗ ನೋಡುತ್ತಿದ್ದೆ. ಅವು ಒಂದೊಂದಾಗಿ ಆಟಕ್ಕೆ ಮರಳಿ ಇಳಿದಾಗ ನನಗೆ ಭಯವಾಗುತ್ತಿತ್ತು. ಹೆಮ್ಮೆಯೂ ಆಗುತ್ತಿತ್ತೆಂದು ತೋರುತ್ತದೆ.

ಮಗ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ನಾನು ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು ಕುಳಿತಿದ್ದೆ. ಒಳಗಿನಿಂದ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಅವನು ಡಬ್ಬಿ ತಂದು, ಮಣೆ ಬಿಚ್ಚಿ, ಎರಡು ಕಡೆಯೂ ಕಾಯಿಗಳನ್ನು ಜೋಡಿಸಿದ. ಆಮೇಲೆ ನನ್ನ ಕಡೆಯ ರಾಜನ ಪಕ್ಕದಲ್ಲಿದ್ದ ಕಾಯನ್ನು ಎತ್ತಿ ತನ್ನ ಚಡ್ಡಿಯ ಜೇಬಿಗೆ ಹಾಕಿಕೊಂಡ.

"ಇದಿಲ್ಲದೆ ಆಡು. ಆದರೆ ನಿಜವಾಗಿ ಆಡಬೇಕು."

ಮಂತ್ರಿಯಿಲ್ಲದ ರಾಜ್ಯವನ್ನು ಆಳುವುದು ಎಷ್ಟು ಕಷ್ಟವೆಂಬುದು ಆ ದಿನ ತಿಳಿಯಿತು. ಗಣಿತದ ಮಿತ್ರರಿಗೆ ಹೇಳಿದಾಗ ಅವರು ಇದು ಹೊಸದೇನಲ್ಲವೆಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಲಶಾಲಿಯಾದವನು ಒಂದು ಕಾಯನ್ನು ಬಹಿರಂಗವಾಗಿ ಬಿಟ್ಟುಕೊಟ್ಟು ಆಡುವುದು ಯೂರೋಪು ಅಮೆರಿಕಗಳಲ್ಲಿ ರೂಢಿಯಲ್ಲಿತ್ತಂತೆ. ಅಮೆರಿಕದ ಪಾಲ್ ಮಾರ್ಫಿ (1837–1884) ಕುದುರೆಯನ್ನೋ ಆನೆಯನ್ನೋ ಬಿಟ್ಟು ಆಡಿದ ಆಟಗಳನ್ನು ಇಂದಿಗೂ ಓದುತ್ತಾರೆ. ಜಪಾನು, ಚೀನಾಗಳ ಗೋ ಆಟದಲ್ಲಿ ಎಳೆಯ ಆಟಗಾರ ಮೊದಲೇ ಎರಡರಿಂದ ಒಂಬತ್ತು ಕಲ್ಲುಗಳನ್ನು ಮಣೆಯ ಮೇಲೆ ಇಟ್ಟುಕೊಂಡು ಆರಂಭಿಸುತ್ತಾನೆ. ಬಲ ಕೂಡಿದಂತೆ ಕಲ್ಲು ಕಡಿಮೆಯಾಗುತ್ತದೆ. ಮೂರು ಸಾವಿರ ರೂಪಾಯಿ ಉಳಿಸುವ ಈ ಮಾತನ್ನು ಅವರು ಮೊದಲೇ ಹೇಳಬಹುದಾಗಿತ್ತು. ಕಾರ್ಕಸಾನನ್ನು ನಾನು ಆಗಲೇ ಕೊಂಡುಬಿಟ್ಟಿದ್ದೆ. ಅದಕ್ಕಾಗಿ ವಿಷಾದವಿಲ್ಲ, ಮಳೆಗಾಲದ ಶನಿವಾರಗಳಲ್ಲಿ ಐವರೂ ಚಾಪೆಯ ಸುತ್ತ ಕೂರುತ್ತೇವೆ, ಕೋಟೆ ಕಟ್ಟುತ್ತೇವೆ. ಕಟಾನನ್ನು ಮಿತ್ರರು ಇನ್ನೂ ಹಿಂದಕ್ಕೆ ಕೇಳಿಲ್ಲ.

ಮೊದಲೆರಡು ಭಾನುವಾರ ನಾನು ಗೆದ್ದೆ. ಅವನ ತುಟಿ ಅದುರಿತು. ಆದರೆ ಡಬ್ಬಿ ಬೀರುವಿನ ಮೇಲಕ್ಕೆ ಹೋಗಲಿಲ್ಲ. ಮೂರನೆಯ ಭಾನುವಾರ ಅವನ ಎರಡು ಆನೆಗಳು ನನ್ನ ರಾಜನನ್ನು ಅಂಚಿಗೆ ಅಟ್ಟಿಕೊಂಡು ಬಂದುವು. ಹದಿನೈದು ನಿಮಿಷ ಯೋಚಿಸಿದೆ. ಈ ಸಲ ಗಲ್ಲ ಕೆರೆದುಕೊಂಡುದು ನಟನೆಯಲ್ಲ. ದಾರಿಯಿರಲಿಲ್ಲ. ಸೋಫಾದ ಮೂಲೆಯಲ್ಲಿ ಮಗಳು ಪುಸ್ತಕ ಮುಚ್ಚಿ ನೋಡುತ್ತಿದ್ದಳು.

ಅವನು ಈ ಬಾರಿ ಎಲ್ಲಿಗೂ ಓಡಲಿಲ್ಲ. ನೋಟುಬುಕ್ಕು ತಂದು, ಹರಿದ ಹಾ��ೆಯ ಹಿಂದಿನ ಹೊಸ ಹಾಳೆಯಲ್ಲಿ ತಾರೀಖು ಹಾಕಿ ಬರೆದ. ಅವನು ಒಳಗೆ ಹೋದ ಮೇಲೆ ನಾನು ಇಣುಕಿ ನೋಡಿದೆ: 'ಗೆದ್ದೆ. ಅಪ್ಪನಿಗೆ ಮಂತ್ರಿ ಇರಲಿಲ್ಲ.'

ರಾತ್ರಿ ಮಲಗುವ ಮುನ್ನ ಆ ಕಾಯನ್ನು ತಂದು ನನ್ನ ಮೇಜಿನ ಮೇಲೆ, ಉತ್ತರಪತ್ರಿಕೆಗಳ ಮೇಲಿಟ್ಟ. "ಬರೋ ವಾರದಿಂದ ಆನೆ ಬಿಟ್ಟರೆ ಸಾಕು" ಎಂದ.